ಮೆಂಬರ್ ಸಾಹೇಬ್ರೇ, ಟಿವಿ ಬೇಡ, ಇನ್ನೊಬ್ಬ ಆಯಾ ಬೇಕು

ನಮ್ಮ ವಾರ್ಡಿನ ನಗರಸಭೆ ಸದಸ್ಯರಿಗೆ, ರಬಕವಿ-ಬನಹಟ್ಟಿ

ಸಾಹೇಬ್ರೇ, ನಮಸ್ಕಾರ.

ಆಗಸ್ಟ್ 15ಕ್ಕೆ ನಮ್ಮ ಬಾಲವಾಡಿಗೆ ಬಂದು ಬಾವುಟ ಹಾರಿಸಿದಿರಿ, ಸಂತೋಷ. ಆವತ್ತು ಒಂದು ಮಗುವನ್ನು ಎತ್ತಿಕೊಂಡು ‘ಎ ಬಿ ಸಿ ಡಿ ಹೇಳು’ ಅಂದಿರಿ. ಅದು ನಿಮ್ಮ ಮೀಸೆ ಹಿಡಿದು ಎಳೆಯಿತು. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಆದರೆ ಹೋಗುವಾಗ ‘ಅಕ್ಕೋರ, ಫೀ ತಗೋತೀರಿ, ಇನ್ನೂ ಏನೂ ಕಲಿಸಿಲ್ಲಲ್ಲ’ ಅಂತ ಒಂದು ಮಾತು ಬಿಟ್ಟು ಹೋದಿರಿ. ಗೋಡೆಗೆ ದೊಡ್ಡ ಟಿವಿ ಹಾಕಿಸಿಕೊಡ್ತೀನಿ ಅಂತಲೂ ಹೇಳಿದಿರಿ. ನಿಮ್ಮ ಮನೆ ಮುಂದೆ ಯಾವಾಗಲೂ ಹತ್ತು ಜನ ನಿಂತಿರ್ತಾರೆ, ಅವರ ನಡುವೆ ನಿಂತು ಚಡ್ಡಿ ಒಗೆಯುವ ಮಾತು ಆಡುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಇನ್ನೊಂದು ಮೊದಲೇ ಹೇಳಿಬಿಡ್ತೀನಿ. ನಿಮ್ಮ ಜೊತೆ ಬಂದವರು ಮಕ್ಕಳಿಗೆ ಶೇಂಗಾ ಚಿಕ್ಕಿ ಹಂಚಿದರು. ನಾನು ಹಿಂದಿನಿಂದ ಒಂದೊಂದೇ ಕೈಯಿಂದ ಕಿತ್ತುಕೊಳ್ಳುತ್ತಾ ಬಂದೆ, ನೀವು ನೋಡಿದಿರಿ. ಜಿಪುಣಿ ಅಂದುಕೊಂಡಿರಬೇಕು. ಈ ವಯಸ್ಸಿಗೆ ಹಿಂದಿನ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಶೇಂಗಾ ಅರೆಯಲು ಬರುವುದಿಲ್ಲ, ಒಂದು ಬೇಳೆ ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಬರುತ್ತದೆ. ಚಿಕ್ಕಿ ಪೂರ್ತಿ ಅವ್ವಂದಿರಿಗೆ ಕೊಟ್ಟಿದ್ದೇನೆ.

ನಮ್ಮಲ್ಲಿರುವುದು 14 ಮಕ್ಕಳು. ಎಲ್ಲರಿಗೂ ಎರಡು ತುಂಬಿದೆ, ಮೂರು ಆಗಿಲ್ಲ. ನೋಡಿಕೊಳ್ಳೋರು ನಾನು, ಒಬ್ಬಳು ಆಯಾ. ಅವ್ವಂದಿರೆಲ್ಲ ಪವರ್‌ಲೂಮ್ ಶೆಡ್ಡಿಗೆ ಹೋಗೋರು, ಇಲ್ಲಾ ಮನೆಯಲ್ಲೇ ಕಂಡಿಕೆ, ಅಂದರೆ ಮಗ್ಗದ ನೂಲಿನ ಉರುಳೆ, ಸುತ್ತೋರು. ಮಗ್ಗ ಓಡಿದಷ್ಟು ಕೂಲಿ, ನಿಮಗೆ ಗೊತ್ತಿದ್ದದ್ದೇ. ಜೋಳಿಗೆಯಲ್ಲಿ ಮಲಗುವ ಕೂಸಾದರೆ ಶೆಡ್ಡಿನಲ್ಲಿ ಹೇಗೋ ನಡೆಯುತ್ತದೆ, ಓಡಾಡಲು ಕಲಿತ ಮೇಲೆ ಆ ಪಟ್ಟಾ, ಆ ಮೋಟಾರು, ಆ ಹತ್ತಿಯ ಧೂಳಿನ ನಡುವೆ ಬಿಡಲಿಕ್ಕಾಗುತ್ತಾ? ಒಂದು ಮಗು ಬಂದ ಹೊಸದರಲ್ಲಿ ಮಧ್ಯಾಹ್ನ ಮಲಗುತ್ತಲೇ ಇರಲಿಲ್ಲ. ಮೂರು ದಿನ ಒದ್ದಾಡಿತು. ಕೇಳಿದರೆ ಅದರ ಅವ್ವ, ‘ಮಗ್ಗದ ಸಪ್ಪಳ ಇಲ್ಲಂದ್ರ ಅದಕ್ಕ ನಿದ್ದಿ ಬರೂದಿಲ್ರೀ ಅಕ್ಕೋರ’ ಅಂದಳು. ಈಗ ಆಯಾ ಪಕ್ಕದಲ್ಲಿ ಕೂತು ನೆಲಕ್ಕೆ ಖಟಪಟ ಅಂತ ಕೈ ಬಡಿಯುತ್ತಾಳೆ, ಅದು ಮಲಗುತ್ತದೆ.

ಏನು ಕಲಿಸ್ತೀರಿ ಅಂದಿರಲ್ಲ, ಹೇಳ್ತೀನಿ. ಬೆಳಿಗ್ಗೆ ಒಂದು ತಾಸು ಅಳು. ಅವ್ವ ಹೋದಳು ಅಂದರೆ ತಿರುಗಿ ಬರ್ತಾಳೆ ಅನ್ನುವುದೇ ಅವಕ್ಕೆ ದೊಡ್ಡ ಪಾಠ, ಅದನ್ನು ನಂಬಲು ಎರಡು ಮೂರು ವಾರ ಬೇಕು. ಆಮೇಲೆ ಆಟ. ಈ ವಯಸ್ಸಿನವು ಜೊತೆಗೆ ಆಡುವುದು ಕಡಿಮೆ, ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮ ಆಟ ಆಡ್ತಾವೆ. ಪಕ್ಕದ್ದರ ಕೈಯಲ್ಲಿ ಚೆಂಡು ಕಂಡರೆ ‘ನಂದು!’ ಅಷ್ಟೇ. ಕೊಡು ಅಂತ ಕೇಳಲು ಮಾತು ಸಾಲುವುದಿಲ್ಲ, ಸಿಟ್ಟು ಮಾತ್ರ ಪೂರ್ತಿ ಇದೆ, ಹಾಗಾಗಿ ಕಚ್ಚಿಬಿಡ್ತಾವೆ. ಸಂಜೆ ಆ ಹಲ್ಲಿನ ಗುರುತು ನೋಡಿ ಎರಡು ಮನೆಯವರು ಓಣಿಯಲ್ಲಿ ಜಗಳಕ್ಕೆ ನಿಂತದ್ದೂ ಇದೆ, ಮಕ್ಕಳು ಅಷ್ಟೊತ್ತಿಗೆ ಮರೆತು ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುತ್ತಿದ್ದವು. ಈಗ ಏನು ತಂದರೂ ಒಂದೇ ಥರದ್ದು ಎರಡೆರಡು ತರ್ತೀನಿ. ಖಾಲಿ ಕಂಡಿಕೆಗಳನ್ನು ತೊಳೆದು ಇಟ್ಟಿದ್ದೇನೆ, ಬುಟ್ಟಿಗೆ ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ಜೋಳದ ಹಿಟ್ಟಿನ ಉಂಡೆ ಕೊಟ್ಟರೆ ಅರ್ಧ ತಾಸು ತಟ್ಟುತ್ತಾವೆ. ಪೆನ್ಸಿಲ್ ಯಾಕಿಲ್ಲ ಅಂದರೆ, ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಮೂಳೆ ಇದ್ದರೆ ಇವಕ್ಕೆ ಅದರಲ್ಲಿ ಹೆಚ್ಚಿನವು ಇನ್ನೂ ಮೂಳೆಯೇ ಆಗಿರುವುದಿಲ್ಲ. ಒಂದನೇ ಕ್ಲಾಸಿಗೆ ಆರು ವರ್ಷ ಬೇಕು ಅಂತ ಸರ್ಕಾರವೇ ಹೇಳ್ತದೆ. ಇನ್ನೂ ಮೂರು-ನಾಲ್ಕು ವರ್ಷ ಇದೆ ಸಾಹೇಬ್ರೇ, ಅವಸರ ಯಾರಿಗೆ?

ಟಿವಿ ಮಾತು. ಎರಡು ವರ್ಷದ ಮಗು ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಪರದೆ ನೋಡಬಾರದು, ಕಡಿಮೆಯಾದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ತಾಸನ್ನು ಮನೆಯಲ್ಲಿ ಮೊಬೈಲೇ ತಿಂದು ಮುಗಿಸಿರುತ್ತದೆ. ಟಿವಿ ಹಚ್ಚಿದರೆ 14 ಮಕ್ಕಳೂ ಸುಮ್ನೆ ಕೂರ್ತಾವೆ, ನನಗೂ ಆರಾಮ, ಅದೇ ನನಗೆ ಹೆದರಿಕೆ.

ನನಗೆ ಬೇಕಾದದ್ದು ಬೇರೆ. ಒಂದು ಮಗು ಒಂದಕ್ಕ ಮಾಡಿಕೊಂಡರೆ ಆಯಾ ಅದನ್ನು ಎತ್ತಿಕೊಂಡು ಹಿಂದೆ ಹೋಗ್ತಾಳೆ, ಆ ಐದು ನಿಮಿಷ 13 ಮಕ್ಕಳಿಗೆ ನಾನೊಬ್ಬಳೇ. ಇದು ದಿನಕ್ಕೆ ಹತ್ತು ಸಲ ಆಗ್ತದೆ. ಹೋದ ತಿಂಗಳು ಅಂಥದ್ದೇ ಹೊತ್ತಿನಲ್ಲಿ ಒಂದು ಮಗು ಬಾಗಿಲು ದಾಟಿ ಚರಂಡಿ ಅಂಚಿಗೆ ಹೋಗಿ ನಿಂತಿತ್ತು. ಎದುರಿನ ಚಹಾ ಅಂಗಡಿಯವರು ಓಡಿ ಬಂದು ಹಿಡಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಬ್ಬ ಆಯಾಗೆ ಪಗಾರ ಕೊಡಬೇಕಂದರೆ ಫೀ ಏರಿಸಬೇಕು, ಫೀ ಏರಿಸಿದರೆ ಅರ್ಧ ಮಕ್ಕಳು ವಾಪಸ್ ಶೆಡ್ಡಿಗೆ.

ಅಂಗನವಾಡಿ ಇದೆಯಲ್ಲ ಅಂತೀರಿ. ಅಲ್ಲಿ ಶಾಲಾಪೂರ್ವ ಶಿಕ್ಷಣ ಮೂರು ವರ್ಷದಿಂದ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ರೇಷನ್ ಕೊಡ್ತಾರೆ, ತೂಕ ನೋಡ್ತಾರೆ. ಹಳ್ಳಿಗಳಿಗೆ ಹಗಲು ಕೂಸುಗಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಬಂತು, 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಹೇಳಿದರು, ನರೇಗಾ ಕೂಲಿಗೆ ಹೋಗುವ ಅವ್ವಂದಿರ ಮಕ್ಕಳಿಗಾಗಿ. ಒಳ್ಳೇ ಕೆಲಸ. ಆದರೆ ನಮ್ಮದು ನಗರಸಭೆ. ಮಗ್ಗದ ಕೂಲಿಯವಳು ಯಾವ ಪಂಚಾಯಿತಿಗೆ ಹೋಗಿ ಕೇಳಬೇಕು? ಊರಿಗೆ ನಗರಸಭೆ ಬೋರ್ಡು ಬಿತ್ತು, ಕೂಸಿಗೆ ಮನೆ ತಪ್ಪಿತು.

ದಾರಿ ಇಲ್ಲದ್ದೇನಲ್ಲ. ಕೇಂದ್ರದ ‘ಪಾಲ್ನಾ’ ಯೋಜನೆಯಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರ ಸೇರಿಸಬಹುದು, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ. ಅದಕ್ಕೆ ಅಂತಲೇ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಬೇರೆ ಇರ್ತಾರೆ. ನಮ್ಮ ವಾರ್ಡಿಗೆ ಇಂಥದ್ದೊಂದು ಬೇಕು ಅಂತ ಮುಂದಿನ ಸಾಮಾನ್ಯ ಸಭೆಯಲ್ಲಿ ನೀವು ಎದ್ದು ನಿಂತು ಹೇಳಿ, ಠರಾವು ಮಾಡಿಸಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಕಳಿಸಿ. ಅದು ಬಂದರೆ ನನ್ನ ಬಾಲವಾಡಿ ಮುಚ್ಚಬೇಕಾಗಬಹುದು. ಮುಚ್ಚಲಿ, ನಾನೇ ಮೊದಲ ದಿನ 14 ಮಕ್ಕಳನ್ನು ಕರಕೊಂಡು ಬಂದು ಬಿಡ್ತೀನಿ. ಅಲ್ಲಿಯವರೆಗೆ ಆ ಟಿವಿ ದುಡ್ಡಲ್ಲಿ ಇನ್ನೊಬ್ಬ ಆಯಾಗೆ ಪಗಾರ ಕೊಡಿ, ಬಾಗಿಲ ಮುಂದಿನ ಚರಂಡಿಗೆ ನಗರಸಭೆಯಿಂದ ಹಾಸುಗಲ್ಲು ಹಾಕಿಸಿ. ಚರಂಡಿ ಕೆಲಸಕ್ಕೆ ಯಾವ ಯೋಜನೆಯೂ ಬೇಡ, ನಿಮ್ಮದೊಂದು ಫೋನ್ ಸಾಕು.

ಮೊದಲು ಒಮ್ಮೆ ಬನ್ನಿ, ಬಾವುಟ ಇಲ್ಲದ ದಿನ. ಹತ್ತೂವರೆ ಆದ ಮೇಲೆ ಬನ್ನಿ, ಅಳು ಮುಗಿದಿರ್ತದೆ, ಹಿಟ್ಟಿನ ಆಟ ಶುರುವಾಗಿರ್ತದೆ. ಬಿಳಿ ಅಂಗಿ ಮಾತ್ರ ಹಾಕ್ಕೊಂಡು ಬರಬೇಡಿ.

ಇಂತಿ,
ನಿಮ್ಮ ವಾರ್ಡಿನ ಬಾಲವಾಡಿ ಅಕ್ಕೋರು