ಪರಲೋಕದ ಮಾತು ಎಲ್ಲ ಮತದಲ್ಲೂ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಮಂಗಳೂರಿನ ಸೌಹಾರ್ದ ಸಭೆಯೊಂದರ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸತ್ತ ಮೇಲೆ ಪುಣ್ಯವಂತರಿಗೆ ಸ್ವರ್ಗ, ಪಾಪಿಗಳಿಗೆ ನರಕ, ಎಲ್ಲ ಧರ್ಮಗಳೂ ಹೇಳುವುದು ಇದನ್ನೇ ಎಂದು ಭಾಷಣಕಾರರು ಹೇಳಿದರಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಉದ್ದೇಶ ಒಳ್ಳೆಯದೇ ಇರಬಹುದು, ಮಾತು ಮಾತ್ರ ನಿಜವಲ್ಲ. ಅದರಲ್ಲೂ ನಮ್ಮ ಜಿಲ್ಲೆಗಳಲ್ಲಿ ನಿಂತು ಹೇಳಬಾರದ ಮಾತು.

ಪಾಜಕದಲ್ಲಿ ಹುಟ್ಟಿ, ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿದ ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಜೀವರಲ್ಲಿ ಮೂರು ಬಗೆ ಎಂದರು. ಮುಕ್ತಿಯೋಗ್ಯರಿಗೆ ಮೋಕ್ಷ. ನಿತ್ಯಸಂಸಾರಿಗಳಿಗೆ ಸುಖದುಃಖಗಳ ನಡುವೆ ಮುಗಿಯದ ಸುತ್ತಾಟ. ತಮೋಯೋಗ್ಯರಿಗೆ ಅಂಧತಮಸ್ಸು ಎಂಬ ಕಗ್ಗತ್ತಲ ಲೋಕ, ಅಲ್ಲಿಂದ ವಾಪಸು ಬರುವ ದಾರಿಯಿಲ್ಲ. ಮೋಕ್ಷಕ್ಕೆ ಸಂದವರಲ್ಲೂ ಆನಂದ ಎಲ್ಲರಿಗೂ ಸಮ ಅಲ್ಲ, ಅಲ್ಲೂ ತಾರತಮ್ಯ. ಶಂಕರರ ಅದ್ವೈತದಲ್ಲಾದರೆ ಜೀವ ಬ್ರಹ್ಮವೇ ಎಂಬ ಅರಿವೇ ಮುಕ್ತಿ, ತಾರತಮ್ಯಕ್ಕೆ ಜಾಗವೇ ಇಲ್ಲ. ಇಬ್ಬರೂ ಓದಿದ್ದು ಅವೇ ಉಪನಿಷತ್ತುಗಳನ್ನು. ಕಠೋಪನಿಷತ್ತಿನಲ್ಲಿ ನಚಿಕೇತ ಈ ಪ್ರಶ್ನೆಯನ್ನೇ ಎತ್ತಿದಾಗ, ದೇವತೆಗಳಿಗೂ ಇದರಲ್ಲಿ ಸಂಶಯವಿತ್ತು, ಬೇರೆ ವರ ಕೇಳು ಎಂದು ಯಮನೇ ಜಾರಿಕೊಳ್ಳಲು ನೋಡುತ್ತಾನೆ. ಯಮನಿಗಿದ್ದ ಹಿಂಜರಿಕೆ ನಮ್ಮ ವೇದಿಕೆಗಳಿಗೆ ಇಲ್ಲ.

ಸತ್ತವರು ಎಲ್ಲಿಗೆ ಹೋದರು ಎಂದು ಕೇಳುವುದಕ್ಕಿಂತ, ಉಳಿದ ನಾವು ಅವರಿಗೆ ಇನ್ನೇನಾದರೂ ಮಾಡಬಹುದೇ ಎಂದು ಕೇಳಿ ನೋಡಿ. ಮತಗಳು ಎಲ್ಲಿ ಬೇರೆಯಾಗುತ್ತವೆ ಎಂಬುದು ಆಗ ತಿಳಿಯುತ್ತದೆ. ನವೆಂಬರ್ 2ರಂದು ನಮ್ಮ ಕಡೆಯ ಯಾವುದಾದರೂ ಇಗರ್ಜಿಯ ಸ್ಮಶಾನಕ್ಕೆ ಹೋದರೆ ಗೋರಿಗಳ ಮೇಲೆಲ್ಲ ಸೇವಂತಿಗೆ, ಮೇಣದ ಬತ್ತಿ. ಪಾದ್ರಿಗಳು ಬಂದು ಆಶೀರ್ವದಿಸುತ್ತಾರೆ. ಸತ್ತವರು ಶುದ್ಧೀಕರಣದ ಸ್ಥಿತಿಯಲ್ಲಿ ಇರಬಹುದು, ನಮ್ಮ ಬಲಿಪೂಜೆ, ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂಬುದು ಕೆಥೋಲಿಕರ ವಿಶ್ವಾಸ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟೆಂಟರು. ಅವರೂ ಅದೇ ಯೇಸುವನ್ನು ನಂಬುವವರು, ಆದರೆ ಅವರಲ್ಲಿ ಶುದ್ಧೀಕರಣದ ಮಾತಿಲ್ಲ. ಸತ್ತವನ ವಿಷಯ ದೇವರ ಕೃಪೆಗೆ ಬಿಟ್ಟದ್ದು, ನಾವು ಇಲ್ಲಿಂದ ಸೇರಿಸುವುದೇನೂ ಉಳಿದಿಲ್ಲ. 1517ರಲ್ಲಿ ಲೂಥರ್ ಎತ್ತಿದ ತಕರಾರು ಶುರುವಾದದ್ದೇ, ಹಣ ಕೊಟ್ಟರೆ ಸತ್ತವರ ಶಿಕ್ಷೆ ಕಡಿಮೆಯಾಗುತ್ತದೆ ಎಂಬ ಮಾರಾಟದಿಂದ. ಯುರೋಪಿನ ಕ್ರೈಸ್ತರನ್ನು ಇಬ್ಭಾಗ ಮಾಡಿದ ಜಗಳವನ್ನು ನಮ್ಮ ಭಾಷಣಕಾರರು ಅರ್ಧ ನಿಮಿಷದಲ್ಲಿ ಬಗೆಹರಿಸಿಬಿಟ್ಟರು!

ಜೈನರ ಲೆಕ್ಕ ಇನ್ನೂ ಬೇರೆ. ಮೂಡುಬಿದಿರೆ, ಕಾರ್ಕಳದ ಬಸದಿಗಳಲ್ಲಿ ಹೇಳಿಕೊಂಡು ಬಂದ ಸಿದ್ಧಾಂತದ ಪ್ರಕಾರ ದೇಹ ಬಿಟ್ಟ ಜೀವ ರೆಪ್ಪೆ ಬಡಿಯುವಷ್ಟರೊಳಗೆ ಇನ್ನೊಂದು ಹುಟ್ಟಿಗೆ ಹೋಗಿಬಿಡುತ್ತದೆ. ತೀರ್ಪು ಕೊಡುವ ದೇವರು ನಡುವೆ ಇಲ್ಲ, ಪಿಂಡಕ್ಕೆ ಕಾದು ಕೂತ ಆತ್ಮವೂ ಇಲ್ಲ. ಮಂಗಳೂರಿನ ಕದ್ರಿಯ ಲೋಕೇಶ್ವರ ವಿಗ್ರಹವನ್ನು ವಿದ್ವಾಂಸರು ಬೌದ್ಧರ ಅವಲೋಕಿತೇಶ್ವರ ಎಂದು ಗುರುತಿಸುತ್ತಾರೆ. ಆ ಬೌದ್ಧರೋ, ಶಾಶ್ವತವಾದ ಆತ್ಮವೇ ಇಲ್ಲ ಎಂದೂ ಹೇಳಿ, ಪುನರ್ಜನ್ಮವನ್ನೂ ಒಪ್ಪಿದವರು. ಟಿಬೆಟಿನವರು ಸತ್ತವರಿಗಾಗಿ 49 ದಿನ ಪ್ರಾರ್ಥನೆ ನಡೆಸುತ್ತಾರೆ.

ಮುಸ್ಲಿಮರಲ್ಲಿ ಕಬರಿನೊಳಗೆ ಮುನ್ಕರ್, ನಕೀರ್ ಎಂಬ ಇಬ್ಬರು ಮಲಕುಗಳು (ದೇವದೂತರು) ಬಂದು ನಿನ್ನ ಒಡೆಯ ಯಾರು, ನಿನ್ನ ಧರ್ಮ ಯಾವುದು, ಪ್ರವಾದಿ ಯಾರು ಎಂದು ಕೇಳುತ್ತಾರೆ. ಆಮೇಲೆ ಕಿಯಾಮತ್ತಿನವರೆಗೆ, ಅಂದರೆ ಕೊನೆಯ ತೀರ್ಪಿನ ದಿನದವರೆಗೆ, ಬರ್ಝಖ್ ಎಂಬ ನಡುವಿನ ಸ್ಥಿತಿ. ಆದರೆ ಸತ್ತವನ ಖಾತೆ ಪೂರ್ತಿ ಮುಚ್ಚುವುದಿಲ್ಲ: ನಿಲ್ಲದೆ ನಡೆಯುವ ದಾನ, ಜನರಿಗೆ ಉಪಯೋಗವಾಗುವ ವಿದ್ಯೆ, ತಂದೆತಾಯಿಗಾಗಿ ದುಆ ಮಾಡುವ ಒಳ್ಳೆಯ ಮಕ್ಕಳು, ಈ ಮೂರರ ಫಲ ಮುಟ್ಟುತ್ತಲೇ ಇರುತ್ತದೆ ಎಂದು ಹದೀಸ್. ತೋಡಿಸಿದ ಬಾವಿಯಲ್ಲಿ ಯಾರಾದರೂ ನೀರು ಸೇದುವಷ್ಟು ಕಾಲ ತೋಡಿಸಿದವನಿಗೆ ಪುಣ್ಯ. ನನಗೆ ತುಂಬ ಹಿಡಿಸಿದ್ದು ಯಹೂದಿಗಳ ಒಂದು ಸೂಕ್ಷ್ಮ. ಕೆಟ್ಟವರಿಗೆ 12 ತಿಂಗಳ ಶಿಕ್ಷೆ ಎಂಬ ಮಾತು ಅವರಲ್ಲಿದೆ. ಆದ್ದರಿಂದ ಮಗ ತಂದೆಗಾಗಿ ಕದ್ದಿಶ್ ಪ್ರಾರ್ಥನೆ ಹೇಳುವುದು 11 ತಿಂಗಳು ಮಾತ್ರ. ಪೂರ್ತಿ ವರ್ಷ ಹೇಳಿದರೆ ಅಪ್ಪ ಕೆಟ್ಟವನಾಗಿದ್ದ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ!

ಇನ್ನು ನಮ್ಮ ತುಳುನಾಡು. ನಮ್ಮ ಮನೆಯಲ್ಲಿ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಕುಲೆಗಳಿಗೆ, ಅಂದರೆ ತೀರಿಹೋದವರ ಆತ್ಮಗಳಿಗೆ, ಬಡಿಸುತ್ತೇವೆ. ಒಳಕೋಣೆಯಲ್ಲಿ ಸಾಲಾಗಿ ಬಾಳೆ ಎಲೆ, ಕೋರಿ ರೊಟ್ಟಿ, ಮೀನಿನ ಪುಳಿಮುಂಚಿ. ಅಜ್ಜನ ಎಲೆಯ ಪಕ್ಕ ಬೀಡಿ ಕಟ್ಟು, ಒಂದು ಲೋಟ ಶೇಂದಿ. ಸಕ್ಕರೆ ಕಾಯಿಲೆಯೆಂದು ಬದುಕಿದ್ದಾಗ ಬಾಯಿ ಕಟ್ಟಿದ್ದ ದೊಡ್ಡಮ್ಮನ ಎಲೆಗೆ ಈಗ ಪಾಯಸ ಧಾರಾಳ. ಬಾಗಿಲು ಎಳೆದು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಒಳಗೆ ಹೋಗುವ ಮೊದಲು ಅತ್ತೆ ಬಾಗಿಲು ತಟ್ಟುತ್ತಾರೆ, ಉಣ್ಣುತ್ತಿರುವವರ ಮೇಲೆ ಹಾಗೆ ನುಗ್ಗಬಾರದು ಎಂದು. ಇದರಲ್ಲಿ ಸ್ವರ್ಗ ಎಲ್ಲಿ, ನರಕ ಎಲ್ಲಿ? ಅಜ್ಜ ಪುಣ್ಯವಂತನೋ ಪಾಪಿಯೋ ಎಂದು ಯಾರೂ ಕೇಳುವುದಿಲ್ಲ. ಅವರು ಮನೆಯವರು, ಅವರಿಗೆ ಹಸಿವಿದೆ, ಅಷ್ಟೇ. ಚೀನಾದವರು ತಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ, ಜಪಾನಿನವರು ಒಬೊನ್ ಹಬ್ಬದಲ್ಲಿ, ಹೆಚ್ಚುಕಡಿಮೆ ಇದೇ ಮಳೆಗಾಲದ ಹೊತ್ತಿಗೆ ಸತ್ತವರನ್ನು ಮನೆಗೆ ಕರೆದು ಬಡಿಸುತ್ತಾರೆ. ನಮಗೆ ಹತ್ತಿರದವರು ಅವರೇ ಅನಿಸುತ್ತದೆ.

ಪ್ರಾಚೀನ ಈಜಿಪ್ಟಿನವರು ಸತ್ತವನ ಹೃದಯವನ್ನು ಒಂದು ಗರಿಯ ಎದುರು ತಕ್ಕಡಿಗೆ ಹಾಕಿದರು. ಪಾರ್ಸಿಗಳ ಜೀವ ನಾಲ್ಕನೇ ದಿನ ಚಿನ್ವತ್ ಸೇತುವೆಯ ಬಳಿ ಲೆಕ್ಕ ಒಪ್ಪಿಸಬೇಕು. ಇಂಥ ಕಡೆಗಳಲ್ಲಿ ಕಟಕಟೆಯಲ್ಲಿ ನಿಲ್ಲುವವರು ಸತ್ತವರು. ತುಳುವರ ಪಾಡ್ದನಗಳಲ್ಲಿ, ಅಂದರೆ ದೈವಗಳ ಕತೆ ಹೇಳುವ ಹಾಡುಗಳಲ್ಲಿ, ಇದು ತಲೆಕೆಳಗು. ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಕಾರ್ಕಳದ ಅರಸ ಕಡಿಸಿದ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ಮಾಯಕ್ಕೆ ಸಂದರು (ಕಣ್ಣಿಗೆ ಕಾಣದ ಲೋಕ ಸೇರಿದರು), ದೈವಗಳಾಗಿ ತಿರುಗಿ ಬಂದು ಅರಸನನ್ನೇ ವಿಚಾರಿಸಿಕೊಂಡರು. ಕಾದಾಡಿ ಸತ್ತ ಅವಳಿ ವೀರರು ಕೋಟಿ ಚೆನ್ನಯರು ತಮ್ಮ ಗುಡಿಗಳಾದ ಗರಡಿಗಳಲ್ಲಿ ಇಂದಿಗೂ ಅಭಯ ಕೊಡುತ್ತಾರೆ. ಇಲ್ಲಿ ಸತ್ತವರೇ ನ್ಯಾಯಾಧೀಶರು, ಬದುಕಿದ್ದವರು ಕೈಮುಗಿದು ಉತ್ತರ ಹೇಳಬೇಕು. ಅನ್ಯಾಯವಾಗಿ ಸತ್ತವರ ಬಗ್ಗೆ ಇಷ್ಟು ಗಟ್ಟಿಯಾಗಿ ಮಾತಾಡುವ ಪರಲೋಕ ನನಗೆ ಬೇರೆಲ್ಲೂ ಕಂಡಿಲ್ಲ. ಇದನ್ನು ‘ಸ್ವರ್ಗ-ನರಕ’ದ ಚೀಲಕ್ಕೆ ತುರುಕಿದರೆ ಹೋಗುವುದು ನಮ್ಮ ಗಂಟೇ.

2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಜಾಹೀರಾತು ಕೊಟ್ಟಾಗ ದೇಶವೆಲ್ಲ ನಕ್ಕಿತು. ಮದುವೆಗೆ ಮೊದಲೇ ಸತ್ತ ಇಬ್ಬರಿಗೆ ಮದುವೆ ಮಾಡಿಸುವ ಪ್ರೇತ ಮದುವೆ ನಮ್ಮಲ್ಲಿ ಹೊಸತಲ್ಲ, ಚೀನಾದಲ್ಲೂ ಇತ್ತು. ಆ ಮಗು ಇದ್ದಿದ್ದರೆ ಈಗ ಮದುವೆಯ ವಯಸ್ಸು ಎಂದು ಲೆಕ್ಕ ಇಟ್ಟ ತಾಯಿಯನ್ನು ನೋಡಿ ನನಗೆ ನಗು ಬರುವುದಿಲ್ಲ. ಸಿಟ್ಟು ಬರುವುದು ಬೇರೆಯವರ ಮೇಲೆ. ಮನೆಯಲ್ಲಿ ಒಂದು ಸಂಬಂಧ ಕೂಡಿಬರದಿದ್ದರೂ, ಒಂದು ಜ್ವರ ಬಂದರೂ ‘ಕುಲೆ ಕಾಡುತ್ತಿದೆ’ ಎಂದು ಹೇಳಿ, ಜ್ಯೋತಿಷಿಗಳಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಇಡಿಸಿ, ಬೀಡಿ ಕಟ್ಟಿ ಬದುಕುವವರಿಂದ ಸಾಲ ಮಾಡಿಸುವವರಿದ್ದಾರೆ. ನಮ್ಮ ಬಂಧುವೊಬ್ಬರು ಹೀಗೇ ತಮ್ಮ ಕರಿಮಣಿ ಸರ ಅಡವಿಟ್ಟದ್ದನ್ನು ಕಂಡಿದ್ದೇನೆ. ಸತ್ತವರಿಗೆ ಒಂದು ಎಲೆ ಊಟ ಹಾಕುವುದಕ್ಕೂ ಸತ್ತವರ ಹೆಸರಿನಲ್ಲಿ ಹೆದರಿಸಿ ದುಡ್ಡು ಕೀಳುವುದಕ್ಕೂ ಇರುವ ಅಂತರವನ್ನು ವೇದಿಕೆಯಿಂದ ಯಾರಾದರೂ ಹೇಳಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಎಲ್ಲರ ನಂಬಿಕೆಯೂ ಒಂದೇ ಆದರೆ ಮಾತ್ರ ಜೊತೆಗಿರಬಹುದು ಎಂದು ಯಾರು ಹೇಳಿದರು? ನಮ್ಮ ಊರಿನಲ್ಲಿ ಸಾವಾದರೆ ಬ್ಯಾರಿಗಳು, ಕ್ರಿಶ್ಚಿಯನ್ನರು, ಬಿಲ್ಲವರು, ಬಂಟರು, ಮೊಗವೀರರು ಅಂಗಳದಲ್ಲಿ ಒಟ್ಟಿಗೆ ಕೂತಿರುತ್ತಾರೆ. ಹೆಣ ಎತ್ತುವಾಗ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಪರಲೋಕ. ಯಾರಿಗೂ ಅದರಿಂದ ತೊಂದರೆಯಾದದ್ದಿಲ್ಲ.

ಕೊನೆಗೆ ಒಂದು ಬೇಡಿಕೆ. ಆಟಿ ಬಂತೆಂದರೆ ಪತ್ರೊಡೆ, ತಿಮರೆ ಚಟ್ನಿ, ಪಾಲೆ ಕಷಾಯದ ಬಗ್ಗೆ ನೀವು ಪುಟಗಟ್ಟಲೆ ಬರೆಯುತ್ತೀರಿ, ಕುಲೆಗಳಿಗೆ ಬಡಿಸುವ ಬಗ್ಗೆ ನಾಲ್ಕು ಸಾಲು ಇರುವುದಿಲ್ಲ. ಮುಂದಿನ ಆಟಿಗೆ ಒಂದು ಪುಟ ಇದಕ್ಕೇ ಇಡಿ. ಮಠದ ವಿದ್ವಾಂಸರು, ಬಸದಿಯ ಅರ್ಚಕರಾದ ಇಂದ್ರರು, ಇಗರ್ಜಿಯ ಪಾದ್ರಿಗಳು, ಪ್ರಾಟೆಸ್ಟೆಂಟರ ಸಿಎಸ್‌ಐ ಸಭಾಪಾಲಕರು, ಮಸೀದಿಯ ಉಸ್ತಾದರು, ಗರಡಿಯ ಪೂಜಾರಿಗಳು, ಎಲ್ಲರನ್ನೂ ಕೇಳಿ. ಸತ್ತ ಮೇಲೆ ಏನೂ ಇಲ್ಲ ಎನ್ನುವ ವಿಚಾರವಾದಿಗಳನ್ನೂ ಬಿಡಬೇಡಿ, ಚಾರ್ವಾಕರೂ ಈ ದೇಶದವರೇ. ನಿಮ್ಮವರು ತೀರಿಕೊಂಡರೆ ಅವರಿಗಾಗಿ ಏನು ಮಾಡುತ್ತೀರಿ, ಏನು ಮಾಡುವುದಿಲ್ಲ, ಯಾಕೆ ಎಂದು ಮಾತ್ರ ಕೇಳಿ. ಬಂದ ಉತ್ತರಗಳನ್ನು ಹೊಂದಿಸಲು ಹೋಗದೆ ಅಕ್ಕಪಕ್ಕದಲ್ಲಿ ಅಚ್ಚುಹಾಕಿ.

ಇತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಶಿಕ್ಷಕ
ಕಾಪು, ಉಡುಪಿ ಜಿಲ್ಲೆ