ಮಗಳಿಗೊಂದು ಪತ್ರ: ನಿನ್ನ ತಂಗಿ "ಆ ಕಡೆಯವಳು" ಅಲ್ಲ

ಪುಟ್ಟಿ,

ಭಾನುವಾರ ಫೋನಿನಲ್ಲಿ ಇಬ್ಬರೂ ಜೋರಾಗಿಯೇ ಮಾತಾಡಿದೆವು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನನ್ನ ಧ್ವನಿ ಏರಿದ್ದಕ್ಕೆ ನಿನಗೆ ನೋವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿಮ್ಮ ಪಾಸ್ಟರ್ ನಮ್ಮ ಚರ್ಚಿನ ಸಭೆ ಬಿಟ್ಟು ಬೇರೆ ಹಾಲ್‌ನಲ್ಲಿ ಆರಾಧನೆ ಶುರು ಮಾಡಿದ್ದಾರೆ, ನೀನೂ ಅವರ ಜೊತೆ ಹೋಗುತ್ತೀಯ. ನನಗೆ ಇಷ್ಟವಿಲ್ಲ, ಆದರೆ ನಿದ್ದೆ ಕೆಟ್ಟಿದ್ದು ಅದಕ್ಕಲ್ಲ. ಚಿಕ್ಕಪ್ಪನ ಮಗಳು ಹಳೇ ಸಭೆಯಲ್ಲೇ ಉಳಿದಳು ಅಂತ ಅವಳ ಮಗುವಿನ ದೀಕ್ಷಾಸ್ನಾನಕ್ಕೆ ಬರುವುದಿಲ್ಲ ಅಂದೆಯಲ್ಲ, ಅದಕ್ಕೆ. "ಅವರು ಆ ಕಡೆಯವರು ಅಪ್ಪ" ಅಂದೆ. ಆ ಮಾತು ನಾನು ಮೊದಲೂ ಕೇಳಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಸಭೆಯಲ್ಲಿ ಅಯ್ಯನವರ, ಅಂದರೆ ಪಾಸ್ಟರ್ ಅವರ, ವರ್ಗಾವಣೆಗೆ ಜಗಳವಾಯಿತು. ಅರ್ಧ ಜನ ಅವರು ಇರಲಿ ಅಂದರು, ಅರ್ಧ ಜನ ಹೋಗಲಿ ಅಂದರು. ಒಂದೇ ದೇವಾಲಯದಲ್ಲಿ ಬೆಳಿಗ್ಗೆ ಒಬ್ಬರ ಆರಾಧನೆ, ಸಂಜೆ ಇನ್ನೊಬ್ಬರದು. ಆ ಕ್ರಿಸ್ಮಸ್‌ಗೆ ಗೇಟಿನ ಹತ್ತಿರ ಪೊಲೀಸರು ನಿಂತಿದ್ದರು. ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ನಮ್ಮಮ್ಮ ತೀರಿಕೊಂಡಾಗ ಎದುರು ಮನೆಯ ಆಂಟಿ ಒಳಗೆ ಬರಲಿಲ್ಲ. ಸ್ತ್ರೀಯರ ಸಂಘಕ್ಕೆ ಇಬ್ಬರೂ ಒಟ್ಟಿಗೇ ಹೋಗುತ್ತಿದ್ದವರು. ನಮ್ಮಮ್ಮನಿಗೆ ಜ್ವರ ಬಂದರೆ ಗಂಜಿ ಕಾಯಿಸಿ ತರುತ್ತಿದ್ದವರು. ಅವರ ಮನೆಯವರು ಆ ಕಡೆ ಸೇರಿದ್ದರು, ಅದಕ್ಕೇ ತಮ್ಮ ಮನೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅಳುತ್ತಿದ್ದರು ಪುಟ್ಟಿ. ಅಳುತ್ತಲೇ ಅಲ್ಲೇ ನಿಂತಿದ್ದರು. ರಸ್ತೆ ದಾಟಲಿಲ್ಲ. ನಮ್ಮಪ್ಪನೂ ಬನ್ನಿ ಅಂತ ಕರೆಯಲಿಲ್ಲ.

ಆ ಹೊತ್ತಿಗೆ ಆ ಅಯ್ಯನವರು ನಮ್ಮೂರಿನಲ್ಲಿ ಇರಲೇ ಇಲ್ಲ! ಬೇರೆ ಊರಿಗೆ ಹೋಗಿ, ಅಲ್ಲಿ ಬೇರೆ ಸಭೆ ನೋಡಿಕೊಳ್ಳುತ್ತಿದ್ದರು. ಯಾರಿಗಾಗಿ ಜಗಳ ಶುರುವಾಯಿತೋ ಅವರು ಹೋದರು, ಜಗಳ ನಮ್ಮ ಬೀದಿಯಲ್ಲೇ ಉಳಿಯಿತು. ಆ ಆಂಟಿಯ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಳೆ ನಮ್ಮ ಮನೆಯಲ್ಲಿ ಯಾರಾದರೂ ಹೋದಾಗ ನೀನು ಅಥವಾ ನಿನ್ನ ತಂಗಿ ಹಾಗೆ ದೂರ ನಿಂತರೆ? ನನ್ನ ಭಯ ಇಷ್ಟೇ.

"ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು" ಅಂತ ವಚನ ಹೇಳಿದೆ. ಬಾಯಿಪಾಠವಾಗಿ ಹೇಳಿದ್ದು ಕೇಳಿ ಸಿಟ್ಟಿನಲ್ಲೂ ಹೆಮ್ಮೆಯಾಯಿತು. ಪೇತ್ರನೂ ಉಳಿದ ಅಪೊಸ್ತಲರೂ ಅದನ್ನು ಹೇಳಿದ್ದು ಯೆರೂಸಲೇಮಿನಲ್ಲಿ ಯೆಹೂದ್ಯರ ಹಿರೀಸಭೆಯ ಮುಂದೆ, ಯೇಸುವಿನ ಹೆಸರು ಎತ್ತಬೇಡಿ ಅಂದಾಗ. ಆ ಮಾತು ಬಿಷಪ್‌ಗೆ ಅನ್ವಯಿಸುತ್ತದೆ, ಸಭೆಯ ಕಮಿಟಿಗೆ ಅನ್ವಯಿಸುತ್ತದೆ. ನಿಮ್ಮ ಪಾಸ್ಟರ್‌ಗೂ ಅನ್ವಯಿಸುತ್ತದೆ ಅಲ್ವಾ?

ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರ ತೆಗೆದು ನಿಧಾನವಾಗಿ ಓದು. ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು (ಪೇತ್ರನೇ ಕೇಫ) ಅಂತ ಅಲ್ಲಿ ಪಕ್ಷ ಕಟ್ಟಿಕೊಂಡಿದ್ದರು. ಪೌಲ ಆ ಊರಿನಲ್ಲಿ ಒಂದೂವರೆ ವರ್ಷ ಇದ್ದು ಸಭೆ ಕಟ್ಟಿದವನು. ಬೇಕಾಗಿದ್ದರೆ ನನ್ನ ಪಕ್ಷದವರೇ ಸರಿ ಅನ್ನಬಹುದಿತ್ತು. ಆದರೆ ಅವನು ಮೊದಲು ಕೇಳಿದ್ದು ತನ್ನ ಕಡೆಯವರನ್ನೇ: ಪೌಲ ನಿಮಗಾಗಿ ಶಿಲುಬೆಗೆ ಏರಿದನೇ? ಅಪೊಲ್ಲೋಸ ಒಳ್ಳೆಯ ಮಾತುಗಾರ, ಅಲೆಕ್ಸಾಂದ್ರಿಯದವನು. ಅವನ ಮೇಲೆ ಪೌಲನಿಗೆ ಹೊಟ್ಟೆಕಿಚ್ಚಿರಲಿಲ್ಲ. ಕೊರಿಂಥಕ್ಕೆ ಹೋಗು ಅಂತ ತಾನೇ ಅವನನ್ನು ಬಹಳ ಕೇಳಿಕೊಂಡಿದ್ದ, ಕೊನೇ ಅಧ್ಯಾಯದಲ್ಲಿದೆ. ಪಕ್ಷ ಮಾಡಿದ್ದು ಕೇಳುವ ಜನ. "ನಾನು ಕ್ರಿಸ್ತನವನು" ಅನ್ನುವವರನ್ನೂ ಪೌಲ ಅದೇ ಸಾಲಿನಲ್ಲಿ ಸೇರಿಸಿದ್ದಾನೆ. ಅದು ಹಳೇ ಸಭೆಯಲ್ಲಿ ಉಳಿದ ನಮಗೂ ಹೇಳಿದ ಮಾತು.

ನಿನ್ನ ಮುತ್ತಜ್ಜಿ ವೆಸ್ಲಿ ಮಿಷನ್ನಿನವರು, ಅಂದರೆ ಮೆಥಡಿಸ್ಟ್, ಮುತ್ತಜ್ಜ ಆಂಗ್ಲಿಕನ್. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಆಗಲೇ 1908ರಲ್ಲಿ ಒಂದಾಗಿದ್ದ ಸೌತ್ ಇಂಡಿಯಾ ಯುನೈಟೆಡ್ ಚರ್ಚ್‌ನವರು ಸೇರಿ ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಸುಮ್ನೆ ಆಗಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತು, 28 ವರ್ಷ ಹಿಡಿಯಿತು. ಬಿಷಪ್ ಬೇಕೋ ಬೇಡವೋ, ಈಗಾಗಲೇ ಅಭಿಷೇಕವಾದ ಬೋಧಕರಿಗೆ ಬಿಷಪ್ಪರಿಂದ ಮತ್ತೆ ಅಭಿಷೇಕ ಆಗಬೇಕೋ ಅನ್ನುವುದರ ಮೇಲೇ ಎಷ್ಟೋ ವರ್ಷ ಹೋಯಿತು. ಬೇಡ, ಅವರನ್ನು ಹಾಗೇ ಒಪ್ಪಿಕೊಳ್ಳೋಣ ಅಂತಾಯಿತು. ಅದಕ್ಕಾಗಿ ದುಡಿದ ಬಿಷಪ್ ಅಜರಯ್ಯ 1945ರಲ್ಲೇ ತೀರಿಕೊಂಡರು, ನೋಡಲು ಉಳಿಯಲಿಲ್ಲ. ಅಷ್ಟು ಕಷ್ಟದಿಂದ ಆಗಿದ್ದನ್ನು ಒಬ್ಬರ ಪ್ರಸಂಗ ಚೆನ್ನಾಗಿದೆ ಅಂತ ನಾವು ಒಡೆಯಬಾರದು.

ನಿಮ್ಮ ಪಾಸ್ಟರ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹಳೇ ಸಭೆಯಲ್ಲಿ ಲೆಕ್ಕ ಕೇಳಿದವರ ಬಾಯಿ ಮುಚ್ಚಿಸಿದರು ಅಂದೆ. ಅದು ನಿಜವಾದರೆ ತಪ್ಪೇ. ಹೊಸ ಹಾಲ್‌ನಲ್ಲೂ ಲೆಕ್ಕ ಕೇಳು. ಅವರು ತಪ್ಪಿದಾಗ ತಪ್ಪು ಅನ್ನುವವರು ಅಲ್ಲಿ ಯಾರಾದರೂ ಇದ್ದಾರೆಯೇ ನೋಡು. ಬೆರೋಯ ಅನ್ನುವ ಊರಿನವರು ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ಸರಿಯಿದೆಯೋ ಅಂತ ನೋಡುತ್ತಿದ್ದರಂತೆ. ಮದುವೆ, ಕೆಲಸ, ಯಾರ ಜೊತೆ ಮಾತಾಡಬೇಕು ಅನ್ನುವುದನ್ನೆಲ್ಲ ಪಾಸ್ಟರ್ ಕೈಗೆ ಕೊಡಬೇಡ. ಜಾಸ್ತಿ ಹೇಳುತ್ತಿದ್ದೇನೆ, ನಿನ್ನಮ್ಮ ಪಕ್ಕದಲ್ಲಿ ಕೂತು ಸಾಕು ಅನ್ನುತ್ತಿದ್ದಾಳೆ.

ದೀಕ್ಷಾಸ್ನಾನ ಮುಂದಿನ ತಿಂಗಳ ಎರಡನೇ ಭಾನುವಾರ. ಮಗುವನ್ನು ನೀನೇ ಎತ್ತಿಕೊಳ್ಳಬೇಕು ಅಂತ ನಿನ್ನ ತಂಗಿ ಬಸುರಿಯಾದಾಗಿಂದ ಹೇಳುತ್ತಿದ್ದಳು, ಈಗಲೂ ಬೇರೆ ಯಾರನ್ನೂ ಕೇಳಿಲ್ಲ. ಆಮೇಲೆ ನಿನ್ನ ಹಾಲ್‌ಗೇ ಹೋಗು, ನಾನು ತಡೆಯುವುದಿಲ್ಲ. ಮೊದಲು ಅವಳಿಗೆ ಫೋನ್ ಮಾಡು. ಸಂಜೆ ಏಳರ ಮೇಲೆ ಮಾಡು, ಅಷ್ಟೊತ್ತಿಗೆ ಮಗು ಮಲಗಿರುತ್ತದೆ.

ನಿನ್ನ ಅಪ್ಪ