ಒಂದೇ ಟೆಸ್ಟ್ ಇಟ್ಬಿಟ್ರೆ ಸಮಾನತೆನಾ?

ಸಂಪಾದಕರೇ,

ಸರ್ಕಾರಿ ಶಾಲೆ ಸುಧಾರಣೆ ಅಂದ ಕೂಡ್ಲೇ ಎಲ್ರೂ ಟೆಸ್ಟು, ರ‍್ಯಾಂಕಿಂಗು ಅಂತ ಶುರು ಹಚ್ಕೋತಾರೆ. ಅಮೆರಿಕದವ್ರು 2002ರಲ್ಲಿ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ತಂದು ಇದನ್ನೇ ಮಾಡಿದ್ರು, 2014ರೊಳಗೆ ಪ್ರತಿ ಮಗುನೂ ಓದು, ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಅಂತ ಗಡುವು ಬೇರೆ, ಆಗ್ಲಿಲ್ಲ, 2015ರಲ್ಲಿ ಆ ಕಾಯ್ದೆನೇ ಬದಲಾಯಿಸ್ಬೇಕಾಯ್ತು. ಫಿನ್‌ಲೆಂಡ್ ನೋಡಿ, 1970ರ ದಶಕದಲ್ಲಿ ಎಲ್ಲಾ ಮಕ್ಳಿಗೂ ಒಂಬತ್ತು ವರ್ಷ ಒಂದೇ ತರದ ಶಾಲೆ ಮಾಡ್ತು, ಆಮೇಲೆ ಟೀಚರ್ ಆಗೋಕೆ ಮಾಸ್ಟರ್ಸ್ ಡಿಗ್ರಿ ಬೇಕು ಅಂತು, ಮಧ್ಯಾಹ್ನದ ಊಟ ಅಂತೂ 1948ರಿಂದಲೇ ಫ್ರೀ.

ನಾನು ಪಾಠ ಮಾಡ್ತಿದ್ದಾಗ ಹಿಂದಿನ ಬೆಂಚಲ್ಲಿ ಒಬ್ಬ ಹುಡುಗ ಇದ್ದ, ಎರಡು ವರ್ಷ 'ದಡ್ಡ' ಅಂತ ರಿಜಿಸ್ಟರ್‌ನಲ್ಲಿ ಬರ್ಕೊಂಡೇ ಬಂದ್ವಿ (ನಾನೂ ಬರ್ದಿದೀನಿ, ಸುಳ್ಳು ಯಾಕೆ ಹೇಳ್ಲಿ), ಕೊನೆಗೆ ನೋಡಿದ್ರೆ ಅವನಿಗೆ ಬೋರ್ಡೇ ಕಾಣ್ತಿರ್ಲಿಲ್ಲ, ಪಕ್ಕದವನ ನೋಟ್ಸ್ ನೋಡಿ ಬರೀತಿದ್ದ, ಪಕ್ಕದವನ ತಪ್ಪೂ ಸೇರಿಸಿ. ಕನ್ನಡಕ ಬಂದ ತಿಂಗಳಲ್ಲೇ ಲೆಕ್ಕ ತಾನೇ ಮಾಡೋಕೆ ಶುರು ಮಾಡ್ದ. ಯಾವ ರ‍್ಯಾಂಕಿಂಗ್ ಪಟ್ಟೀಲಿ ಇದು ಕಾಣುತ್ತೆ ಹೇಳಿ? ಟೆಸ್ಟ್‌ಗೆ ಸುರಿಯೋ ದುಡ್ಡಲ್ಲಿ ಮೊದಲು ಮಕ್ಳ ಕಣ್ಣು, ಕಿವಿ ಚೆಕ್ ಮಾಡ್ಸಿ.

— ಒಬ್ಬ ನಿವೃತ್ತ ಶಿಕ್ಷಕ